ರೂಪಾಯಿ ಕಾದವರು: ಬ್ರೆಟನ್ ವುಡ್ಸ್‌ನಿಂದ 1994ರ ಒಪ್ಪಂದದವರೆಗೆ

1991ರಲ್ಲಿ ಭಾರತ ಚಿನ್ನ ಅಡವಿಟ್ಟ ಕಥೆ ನಿಮಗೆಲ್ಲ ಗೊತ್ತು. ವಿದ್ಯಾರ್ಥಿಗಳು ಪರೀಕ್ಷೆಗೆ ಓದಿರುತ್ತೀರಿ. ಹಿರಿಯರಿಗೆ ಆಗ ಪೇಪರ್ ಹಿಡಿದು ಬೇಸರಪಟ್ಟಿದ್ದು ನೆನಪಿರುತ್ತದೆ. ಆ ಕಥೆಗೆ ನಾನೂ ಬರುತ್ತೇನೆ. ಆದರೆ ಚಿನ್ನ ವಿಮಾನ ಹತ್ತುವುದಕ್ಕೆ 36 ವರ್ಷ ಮೊದಲೇ, 1955ರ ಜನವರಿಯಲ್ಲಿ, ದೆಹಲಿಯ ಹಣಕಾಸು ಸಚಿವಾಲಯಕ್ಕೂ ಬಾಂಬೆಯ ರಿಸರ್ವ್ ಬ್ಯಾಂಕಿಗೂ ನಡುವೆ ಒಂದು ಸಣ್ಣ ಏರ್ಪಾಡು ಆಯಿತು. ಅದಕ್ಕೆ ಸಂಸತ್ತಿನಲ್ಲಿ ಮಸೂದೆ ಬರಲಿಲ್ಲ. ಕಾಯ್ದೆ ಬದಲಾಗಲಿಲ್ಲ. ಎರಡು ಕಚೇರಿಗಳ ನಡುವಿನ ಕಾಗದದ ವ್ಯವಹಾರ ಅಷ್ಟೇ. 1991ರ ಅವಮಾನದ ಬೇರು ಆ ಕಾಗದದಲ್ಲಿತ್ತು ಅಂತ ನನ್ನ ನಂಬಿಕೆ. ಅದೊಂದೇ ಕಾರಣ ಅಂತ ಹೇಳುವುದಿಲ್ಲ. ಆದರೆ ಚಿನ್ನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆ ಕಾಗದದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ಇವತ್ತು ಅದನ್ನು ಹೇಳೋಣ ಅಂತ ಬಂದೆ.

ಮೊದಲಿನಿಂದ ಬರೋಣ. ಭಾರತಕ್ಕೊಂದು ಕೇಂದ್ರ ಬ್ಯಾಂಕು ಬೇಕು ಅಂತ ತುಂಬ ಮುಂಚೆಯೇ ಯೋಚಿಸಿದವರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಒಬ್ಬರು. ಅವರು ತರುಣರಾಗಿದ್ದಾಗ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಕೆಲಸಕ್ಕಿದ್ದರು. 1913ರಲ್ಲಿ ಭಾರತದ ಹಣಕಾಸಿನ ಬಗ್ಗೆ ನೇಮಿಸಿದ ಚೇಂಬರ್‌ಲೇನ್ ಆಯೋಗದಲ್ಲಿ ಸದಸ್ಯರೂ ಆಗಿದ್ದರು. ಇಲ್ಲಿಗೊಂದು ಸರ್ಕಾರಿ ಬ್ಯಾಂಕು ಬೇಕು ಅಂತ ಟಿಪ್ಪಣಿ ಬರೆದುಕೊಟ್ಟರು. ಭಾರತಕ್ಕೆ ಮಾತ್ರ ಅವರು ಒಮ್ಮೆಯೂ ಬರಲಿಲ್ಲ. ಬ್ಯಾಂಕು ಶುರುವಾಗಿದ್ದು 1935ರ ಏಪ್ರಿಲ್ 1ಕ್ಕೆ. ಮೊದಲ ಗವರ್ನರ್ ಸರ್ ಆಸ್ಬೋರ್ನ್ ಸ್ಮಿತ್. ಬಡ್ಡಿ ದರ, ವಿನಿಮಯ ದರದ ವಿಷಯದಲ್ಲಿ ಅವರಿಗೂ ಸರ್ಕಾರದ ಹಣಕಾಸು ಸದಸ್ಯ ಗ್ರಿಗ್ ಅವರಿಗೂ ಆಗಿಬರಲಿಲ್ಲ. ಅವಧಿ ಮುಗಿಯುವ ಮೊದಲೇ, 1937ರಲ್ಲಿ, ಅವರು ಹೊರಟುಹೋದರು. ಅಂದರೆ ಬ್ಯಾಂಕಿಗೂ ಸರ್ಕಾರಕ್ಕೂ ಜಗಳ ಅನ್ನುವುದು ಬ್ಯಾಂಕಿನಷ್ಟೇ ಹಳೆಯದು.

ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್. 1943ರ ಆಗಸ್ಟ್‌ನಲ್ಲಿ ಅಧಿಕಾರಕ್ಕೆ ಬಂದರು. ಮರು ವರ್ಷವೇ, 1944ರ ಜುಲೈನಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಬ್ರೆಟನ್ ವುಡ್ಸ್ ಎಂಬಲ್ಲಿ 44 ದೇಶಗಳ ಸಮ್ಮೇಳನ ಸೇರಿತು. ವಿದೇಶಿ ಹಣ ಕಡಿಮೆ ಬಿದ್ದ ದೇಶಗಳಿಗೆ ಸಾಲ ಕೊಡುವ ಐಎಂಎಫ್ ಮತ್ತು ವಿಶ್ವ ಬ್ಯಾಂಕ್ ಹುಟ್ಟಿದ್ದು ಅಲ್ಲೇ. ಭಾರತಕ್ಕೆ ಆಗ ಸ್ವಾತಂತ್ರ್ಯ ಇಲ್ಲ, ನೆನಪಿರಲಿ. ನಿಯೋಗದ ಮುಖ್ಯಸ್ಥ ಇಂಗ್ಲಿಷಿನವರು, ಸರ್ ಜೆರೆಮಿ ರೈಸ್ಮನ್. ಆದರೆ ಜೊತೆಗೆ ದೇಶಮುಖ್ ಇದ್ದರು, ಷಣ್ಮುಖಂ ಚೆಟ್ಟಿ ಇದ್ದರು, ಬಾಂಬೆಯ ಎ.ಡಿ. ಶ್ರಾಫ್ ಇದ್ದರು. ಇವರು ಯಾರೂ ಸುಮ್ನೆ ಕೂತು ಬರುವವರಲ್ಲ.

ಅವರು ಅಲ್ಲಿ ಎತ್ತಿದ ಪ್ರಶ್ನೆ ಯಾವುದು ಗೊತ್ತಾ? ನಮ್ಮ ಬಾಕಿ ಹಣದ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಇಲ್ಲಿಂದ ಬಟ್ಟೆ, ಧಾನ್ಯ, ಮದ್ದುಗುಂಡು, ಸೈನಿಕರು, ಎಲ್ಲವನ್ನೂ ತೆಗೆದುಕೊಂಡಿತು. ದುಡ್ಡು ಮಾತ್ರ ಕೈಗೆ ಕೊಡಲಿಲ್ಲ. ಲಂಡನ್ನಿನಲ್ಲಿ ಭಾರತದ ಹೆಸರಿಗೆ ಪೌಂಡ್ ಬರೆದಿಡುತ್ತಾ ಹೋಯಿತು. ಆ ಪೌಂಡನ್ನು ಆಧಾರವಾಗಿ ಇಟ್ಟುಕೊಂಡು ರಿಸರ್ವ್ ಬ್ಯಾಂಕು ಇಲ್ಲಿ ನೋಟು ಅಚ್ಚು ಹಾಕಿತು. ನೋಟು ಜಾಸ್ತಿ ಆಯಿತು, ಸಾಮಾನು ಕಡಿಮೆ ಆಯಿತು, ಬೆಲೆ ಆಕಾಶಕ್ಕೆ ಏರಿತು. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರಲ್ಲ, ಅದರ ಹಿಂದೆ ಈ ಬೆಲೆ ಏರಿಕೆಯೂ ಇತ್ತು. ಯುದ್ಧ ಮುಗಿಯುವ ಹೊತ್ತಿಗೆ ಲಂಡನ್ನಿನಲ್ಲಿ ನಮ್ಮ ಬಾಕಿ ಸುಮಾರು 130 ಕೋಟಿ ಪೌಂಡ್. ಆಗಿನ ದರದಲ್ಲಿ 1,700 ಕೋಟಿ ರೂಪಾಯಿಗೂ ಜಾಸ್ತಿ. ಬಡ ದೇಶ, ಗುಲಾಮ ದೇಶ. ಆದರೂ ಸಾಮ್ರಾಜ್ಯವೇ ನಮಗೆ ಸಾಲಗಾರ.

ಈ ಹಣದ ಒಂದು ಭಾಗವನ್ನಾದರೂ ಡಾಲರಿಗೆ ಬದಲಿಸಿಕೊಡುವ ಜವಾಬ್ದಾರಿಯನ್ನು ಹೊಸ ಐಎಂಎಫ್ ಹೊರಲಿ ಅಂತ ನಮ್ಮವರು ಕೇಳಿದರು. ಶ್ರಾಫ್ ಗಟ್ಟಿಯಾಗಿಯೇ ವಾದಿಸಿದರು. ಅಮೆರಿಕವೂ ಒಪ್ಪಲಿಲ್ಲ, ಬ್ರಿಟನ್ನೂ ಒಪ್ಪಲಿಲ್ಲ. ಅಲ್ಲಿ ಬ್ರಿಟನ್ ಪರವಾಗಿ ಕೂತಿದ್ದವರು ಅದೇ ಕೇನ್ಸ್. ಇದು ನಮ್ಮನಮ್ಮೊಳಗಿನ ಲೆಕ್ಕ, ಮರ್ಯಾದೆಯಿಂದ ತೀರಿಸುತ್ತೇವೆ ಅನ್ನುವ ಅರ್ಥದ ಭರವಸೆ ಕೊಟ್ಟರು. ಕೋಟಾ, ಅಂದರೆ ಐಎಂಎಫ್‌ನಲ್ಲಿ ಒಂದು ದೇಶದ ಪಾಲು, ಅದರ ವಿಷಯದಲ್ಲಿ ಮಾತ್ರ ನಮ್ಮ ನಿಯೋಗ ಹಟ ಬಿಡಲಿಲ್ಲ. 40 ಕೋಟಿ ಡಾಲರ್ ಕೋಟಾ ಸಿಕ್ಕಿತು. ಆಮೇಲೆ ಸೋವಿಯತ್ ರಷ್ಯಾ ಸೇರಲೇ ಇಲ್ಲ. ಹಾಗಾಗಿ ಭಾರತ ಮೊದಲ ಐದು ದೊಡ್ಡ ಸದಸ್ಯರ ಸಾಲಿಗೆ ಬಂದಿತು. ಚುನಾವಣೆ ಇಲ್ಲದೆ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ ಸಿಕ್ಕಿತು. ಇನ್ನೂ ಧ್ವಜ ಹಾರಿಸದ ದೇಶಕ್ಕೆ ಇಷ್ಟು ಗಳಿಸಿಕೊಟ್ಟ ಆ ನಾಲ್ಕೈದು ಜನರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಅದು ನನಗೆ ನಿಜಕ್ಕೂ ನೋವಿನ ವಿಷಯ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಬ್ಬರ ಹೆಸರು ಹೇಳಲೇಬೇಕು. ವಿ.ಕೆ.ಆರ್.ವಿ. ರಾವ್. ಬೆಂಗಳೂರಿನ ನಾಗರಭಾವಿಯ ಐಸೆಕ್ ಸಂಸ್ಥೆ ಕಟ್ಟಿದವರು, ಬಳ್ಳಾರಿಯಿಂದ ಲೋಕಸಭೆಗೆ ಹೋದವರು, ಕೇಂಬ್ರಿಜ್‌ನಲ್ಲಿ ಓದಿದವರು. ಇಷ್ಟು ಎಲ್ಲರೂ ಹೇಳುತ್ತಾರೆ. ಇನ್ನೊಂದು ಕೆಲಸ ಹೇಳುವುದಿಲ್ಲ. 1949ರಲ್ಲಿ ಅವರು ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದರು. ಬಡ ದೇಶಗಳಿಗೆ ಮಾರುಕಟ್ಟೆ ಬಡ್ಡಿಯ ಸಾಲ ಕೊಟ್ಟರೆ ಅವು ಏಳುವುದಿಲ್ಲ, ಕಡಿಮೆ ಬಡ್ಡಿಯ ದೀರ್ಘ ಕಾಲದ ಸಾಲ ಕೊಡುವ ಬೇರೆಯೇ ಸಂಸ್ಥೆ ಬೇಕು ಅಂತ ಅವರು ಪ್ರಸ್ತಾವ ಇಟ್ಟರು. ಶ್ರೀಮಂತ ದೇಶಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಶ್ವ ಬ್ಯಾಂಕಿಗೂ ಅದು ಹಿಡಿಸಲಿಲ್ಲ. ಆದರೆ ಪ್ರಸ್ತಾವ ಸಾಯಲಿಲ್ಲ, ವರ್ಷಗಟ್ಟಲೆ ವಿಶ್ವಸಂಸ್ಥೆಯಲ್ಲಿ ಸುತ್ತಿತು. ಕೊನೆಗೆ 1960ರಲ್ಲಿ ವಿಶ್ವ ಬ್ಯಾಂಕಿನ ಒಳಗೇ ಐಡಿಎ ಎಂಬ ಅಂಗ ಹುಟ್ಟಿತು. ಮುಂದೆ ಹಲವು ದಶಕ ಅದರಿಂದ ಎಲ್ಲರಿಗಿಂತ ಹೆಚ್ಚು ಸಾಲ ಪಡೆದ ದೇಶ ನಮ್ಮದೇ. ನಾಗರಭಾವಿ ರಸ್ತೆಯಲ್ಲಿ ಓಡಾಡುವವರು ಆ ಗೇಟಿನ ಮುಂದೆ ಒಂದು ನಿಮಿಷ ನಿಂತರೆ ತಪ್ಪೇನಿಲ್ಲ.

ಸರಿ, ದಾರಿಗೆ ಬರೋಣ. 1949ರ ಜುಲೈನಲ್ಲಿ ದೇಶಮುಖ್ ಜಾಗಕ್ಕೆ ಬಂದವರು ಬೆನಗಲ್ ರಾಮರಾವ್. ನಮ್ಮ ಕರಾವಳಿಯ ಸಾರಸ್ವತ ಮನೆತನ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ತಮ್ಮ. ಪತ್ರಕರ್ತ ಬಿ. ಶಿವರಾವ್ ಅವರ ಸಹೋದರ. ಒಂದೇ ಮನೆಯಿಂದ ಇಷ್ಟು ಜನ! ರಾಮರಾವ್ ಏಳೂವರೆ ವರ್ಷ ಗವರ್ನರ್ ಆಗಿದ್ದರು. ಇವತ್ತಿನವರೆಗೂ ಅಷ್ಟು ದಿನ ಆ ಕುರ್ಚಿಯಲ್ಲಿ ಕೂತವರು ಬೇರೆ ಯಾರೂ ಇಲ್ಲ.

ಅವರು ಬಂದ ಎರಡೇ ತಿಂಗಳಿಗೆ ಬ್ರಿಟನ್ ಪೌಂಡಿನ ಬೆಲೆ ಇಳಿಸಿತು. ಜೊತೆಗೇ ರೂಪಾಯಿಯೂ ಇಳಿಯಿತು. ಡಾಲರಿಗೆ 3 ರೂಪಾಯಿ 31 ಪೈಸೆಯಷ್ಟಿದ್ದದ್ದು 4 ರೂಪಾಯಿ 76 ಪೈಸೆಗೆ ಬಂದಿತು. ಲಂಡನ್ನಿನಲ್ಲಿ ಕೂತಿದ್ದ ನಮ್ಮ ಬಾಕಿಯ ಡಾಲರ್ ಬೆಲೆಯಲ್ಲಿ ಶೇಕಡ 30ರಷ್ಟು ಒಂದೇ ರಾತ್ರಿಗೆ ಕರಗಿತು. ಉಳಿದದ್ದರಲ್ಲಿ ಒಂದಷ್ಟು ಪಾಕಿಸ್ತಾನದ ಪಾಲಿಗೆ, ಒಂದಷ್ಟು ಇಲ್ಲಿ ಕೆಲಸ ಮಾಡಿ ಹೋದ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೆ, ಒಂದಷ್ಟು ಅವರು ಬಿಟ್ಟುಹೋದ ಮಿಲಿಟರಿ ಸಾಮಾನಿಗೆ ಹೋಯಿತು. ಮಿಕ್ಕದ್ದನ್ನು ಎರಡನೇ ಪಂಚವಾರ್ಷಿಕ ಯೋಜನೆಯ ಯಂತ್ರೋಪಕರಣ ನುಂಗಿತು. ಎಷ್ಟು ಬೇಗ ನುಂಗಿತು ಅನ್ನುವುದಕ್ಕೆ ಕಾಯ್ದೆಯೇ ಸಾಕ್ಷಿ. ನೋಟಿಗೆ ಆಧಾರವಾಗಿ ಕನಿಷ್ಠ 400 ಕೋಟಿ ರೂಪಾಯಿಯ ವಿದೇಶಿ ಆಸ್ತಿ, 115 ಕೋಟಿಯ ಚಿನ್ನ ಇರಬೇಕು ಅಂತ 1956ರಲ್ಲಿ ಕಾನೂನು ಮಾಡಿದರು. ಮರು ವರ್ಷವೇ ಅದನ್ನು ತಿದ್ದಿ, ಎರಡೂ ಸೇರಿ 200 ಕೋಟಿ ಇದ್ದರೆ ಸಾಕು, ಅದರಲ್ಲಿ ಚಿನ್ನ 115 ಕೋಟಿ ಅಂದರು. ಒಂದು ವರ್ಷದಲ್ಲಿ 400 ಕೋಟಿಯ ಷರತ್ತು 85 ಕೋಟಿಗೆ ಇಳಿಯಿತು ಅಂದರೆ ಖಜಾನೆಯ ಸ್ಥಿತಿ ನೀವೇ ಊಹಿಸಿ.

ಈಗ ಆ 1955ರ ಕಾಗದಕ್ಕೆ ಬರುತ್ತೇನೆ. ಸರ್ಕಾರದ ಖಾತೆ ರಿಸರ್ವ್ ಬ್ಯಾಂಕಿನಲ್ಲೇ ಇರುತ್ತದೆ. ತೆರಿಗೆ ಬರುವುದು ಒಂದು ದಿನ, ಸಂಬಳ ಕೊಡುವುದು ಇನ್ನೊಂದು ದಿನ. ನಡುವೆ ದುಡ್ಡು ಕಡಿಮೆ ಬೀಳುವುದು ಸಹಜ. ಅದಕ್ಕೆ ಕಾಯ್ದೆಯಲ್ಲೇ ದಾರಿ ಇತ್ತು. ಬ್ಯಾಂಕು ಮುಂಗಡ ಕೊಡಬಹುದು, ಮೂರು ತಿಂಗಳೊಳಗೆ ಸರ್ಕಾರ ವಾಪಸು ಕೊಡಬೇಕು. 1955ರಲ್ಲಿ ಏನು ಮಾಡಿದರು ಅಂದರೆ, ಪ್ರತಿ ಶುಕ್ರವಾರ ಸರ್ಕಾರದ ಖಾತೆಯಲ್ಲಿ ಕನಿಷ್ಠ 50 ಕೋಟಿ ಇರಬೇಕು, ಬೇರೆ ದಿನ 4 ಕೋಟಿ ಇದ್ದರೆ ಸಾಕು ಅಂತ ಗೊತ್ತು ಮಾಡಿಕೊಂಡರು. ಅದಕ್ಕಿಂತ ಇಳಿದರೆ ತಾನಾಗಿಯೇ ಒಂದು ಖಜಾನೆ ಹುಂಡಿ ಹುಟ್ಟುತ್ತದೆ. ಅದರ ಹೆಸರು ಅಡ್‌ಹಾಕ್ ಟ್ರೆಜರಿ ಬಿಲ್. ಅದನ್ನು ಬ್ಯಾಂಕು ತೆಗೆದುಕೊಂಡು ಖಾತೆಗೆ ಹಣ ತುಂಬುತ್ತದೆ. ಯಾರೂ ಯಾರನ್ನೂ ಕೇಳುವ ಹಾಗಿಲ್ಲ. 91 ದಿನ ಆದಮೇಲೆ ಹಳೆಯ ಬಿಲ್ ಜಾಗಕ್ಕೆ ಹೊಸ ಬಿಲ್.

ಏರ್ಪಾಡು ಮಾಡಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗುಮಾಸ್ತರ ಕೆಲಸ ಹಗುರ ಆಗಲಿ ಅನ್ನುವಷ್ಟೇ. ಆದರೆ ಅದರಲ್ಲಿ ಮೇಲ್ಮಿತಿ ಇರಲಿಲ್ಲ, ನೋಡಿ. ಎಷ್ಟು ಬಿಲ್ ಹುಟ್ಟಬಹುದು ಅಂತ ಯಾರೂ ಬರೆದಿಡಲಿಲ್ಲ. ತಾತ್ಕಾಲಿಕ ಸಾಲ ಹಾಗೇ ಖಾಯಂ ಆಯಿತು. ಸರ್ಕಾರ ಬಜೆಟ್ಟಿನಲ್ಲಿ ಎಷ್ಟು ಕೊರತೆ ತೋರಿಸಿದರೂ ಅಷ್ಟಕ್ಕೆ ರಿಸರ್ವ್ ಬ್ಯಾಂಕು ನೋಟು ಒದಗಿಸುವುದು ಪದ್ಧತಿ ಆಯಿತು. 1974ರಿಂದ ಈ ಬಿಲ್ಲಿನ ಬಡ್ಡಿ ಶೇಕಡ 4.6. ದೇಶದಲ್ಲಿ ಹಣದುಬ್ಬರ ಎರಡಂಕಿಗೆ ಏರಿದ ವರ್ಷವೂ ಅದೇ 4.6. ಬಿಲ್ಲುಗಳ ಗುಡ್ಡ ಬೆಳೆದಾಗ 1982ರಿಂದ ಅವನ್ನು ವಾಯಿದೆಯೇ ಇಲ್ಲದ ವಿಶೇಷ ಸಾಲಪತ್ರಗಳಾಗಿ ಬದಲಿಸುತ್ತಾ ಬಂದರು. ತೀರಿಸುವ ದಿನವೇ ಇಲ್ಲದ ಸಾಲ.

ರಾಮರಾವ್ ಅವರ ವಿಷಯದಲ್ಲಿ ನನ್ನನ್ನು ಯಾವಾಗಲೂ ಕಾಡುವುದು ಇದೇ. ಅವರು ಸ್ವಾಭಿಮಾನಿ. 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ ಮೇಲಿನ ಸ್ಟಾಂಪ್ ಡ್ಯೂಟಿಯನ್ನು ವಿಪರೀತ ಏರಿಸಿದರು. ಅದರ ಪರಿಣಾಮ ಬಡ್ಡಿ ದರ ಏರಿಸಿದ ಹಾಗೇ. ಬಡ್ಡಿ ದರ ಬ್ಯಾಂಕಿನ ಕೆಲಸ, ನಮ್ಮನ್ನು ಕೇಳದೆ ಹೀಗೆ ಮಾಡುವುದು ಸರಿಯಲ್ಲ ಅಂತ ರಾಮರಾವ್ ಲಿಖಿತವಾಗಿ ಆಕ್ಷೇಪಿಸಿದರು. ರಿಸರ್ವ್ ಬ್ಯಾಂಕು ಹಣಕಾಸು ಸಚಿವಾಲಯದ ಒಂದು ವಿಭಾಗ ಅಂತ ಸಚಿವರು ಅಂದುಬಿಟ್ಟರು. ಮಾತು ಮಾತಿಗೆ ಬೆಳೆಯಿತು. ವಿಷಯ ನೆಹರೂ ತನಕ ಹೋಯಿತು. ನೆಹರೂ ಸಚಿವರ ಪರವಾಗಿಯೇ ಪತ್ರ ಬರೆದರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಇಷ್ಟು ಗಟ್ಟಿ ಮನುಷ್ಯ! ಆದರೆ ಅಡ್‌ಹಾಕ್ ಬಿಲ್ಲಿನ ಕಾಗದಕ್ಕೆ ಬ್ಯಾಂಕು ಒಪ್ಪಿದ್ದೂ ಅವರ ಕಾಲದಲ್ಲೇ. ಸದ್ದು ಮಾಡಿದ ಜಗಳದಲ್ಲಿ ಬ್ಯಾಂಕು ಕಳೆದುಕೊಂಡದ್ದು ಒಬ್ಬ ಗವರ್ನರನ್ನು. ಸದ್ದಿಲ್ಲದ ಕಾಗದದಲ್ಲಿ ಕಳೆದುಕೊಂಡದ್ದು ಆಗಲ್ಲ ಅನ್ನುವ ಅಧಿಕಾರವನ್ನು, ಅದೂ 40 ವರ್ಷಕ್ಕೆ.

ಮುಂದಿನ ಮೂವತ್ತು ವರ್ಷವನ್ನು ಬೇಗ ದಾಟುತ್ತೇನೆ. ಅದರಲ್ಲಿ ಒಬ್ಬರ ಹಿಂದೆ ಹೋದರೆ ಸಾಕು, ಐ.ಜಿ. ಪಟೇಲ್. ಬರೋಡಾ ಕಡೆಯವರು. ಚಿಕ್ಕ ವಯಸ್ಸಿಗೇ ಐಎಂಎಫ್‌ನಲ್ಲಿ ಕೆಲಸ ಮಾಡಿ ಬಂದವರು. 1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ರೂಪಾಯಿಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಿದಾಗ ಇವರು ದೆಹಲಿಯಲ್ಲಿ ಮುಖ್ಯ ಆರ್ಥಿಕ ಸಲಹೆಗಾರರು. ಎರಡು ಯುದ್ಧ, ಬರಗಾಲ, ಅಮೆರಿಕದ ಗೋಧಿಗೆ ಕಾಯುವ ಸ್ಥಿತಿ. ರೂಪಾಯಿ ಇಳಿಸಿದರೆ ನೆರವು ಕೊಡುತ್ತೇವೆ ಅಂದವರು ಹೇಳಿದಷ್ಟು ಕೊಡಲಿಲ್ಲ. ಆ ಪೆಟ್ಟು ನಮ್ಮ ರಾಜಕಾರಣಿಗಳ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿಯಿತು ಅಂದರೆ, ಅಪಮೌಲ್ಯ ಅನ್ನುವ ಪದವನ್ನೇ ಮುಂದೆ ಯಾರೂ ಬಾಯಿಗೆ ತರಲಿಲ್ಲ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಆದಾಗಲೂ ಪಟೇಲ್ ಹಣಕಾಸು ಸಚಿವಾಲಯದಲ್ಲಿದ್ದರು. ಆ ಪಟ್ಟಿಯಲ್ಲಿ ನಮ್ಮ ದಕ್ಷಿಣ ಕನ್ನಡದ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರ ಎರಡನೇ ಪಟ್ಟಿಯಲ್ಲಿ ಕಾರ್ಪೊರೇಷನ್, ವಿಜಯ ಎರಡೂ ಬಂದವು. 1977ರ ಕೊನೆಯಿಂದ 1982ರವರೆಗೆ ಪಟೇಲ್ ಗವರ್ನರ್. 1981ರಲ್ಲಿ ಐಎಂಎಫ್‌ನಿಂದ 500 ಕೋಟಿ ಎಸ್‌ಡಿಆರ್ (ಅದು ಐಎಂಎಫ್‌ನದೇ ಲೆಕ್ಕದ ಹಣ) ಸಾಲಕ್ಕೆ ಒಪ್ಪಂದ ಆಯಿತು. ಅಲ್ಲಿಯವರೆಗೆ ಆ ಸಂಸ್ಥೆ ಯಾರಿಗೂ ಅಷ್ಟು ದೊಡ್ಡ ಸಾಲ ಮಂಜೂರು ಮಾಡಿರಲಿಲ್ಲ. ಭಾರತ ಪೂರ್ತಿ ತೆಗೆದುಕೊಳ್ಳಲಿಲ್ಲ. 390 ಕೋಟಿ ತೆಗೆದುಕೊಂಡು ಉಳಿದ 110 ಕೋಟಿ ಬೇಡ ಅಂದಿತು. ಸಾಲ ಕೊಡುವವನಿಗೆ ಸಾಕು ಅನ್ನುವುದರಲ್ಲಿ ಒಂದು ಗತ್ತು ಇದೆ, ಅಲ್ವಾ?

ಆ ಗತ್ತು ಹತ್ತು ವರ್ಷವೂ ಉಳಿಯಲಿಲ್ಲ. 1980ರ ದಶಕದಲ್ಲಿ ಕೊರತೆ ಬಜೆಟ್ ಏರುತ್ತಲೇ ಹೋಯಿತು. 1990-91ಕ್ಕೆ ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇಕಡ 8 ದಾಟಿತು. ಇಲ್ಲಿ ನೋಟು ಜಾಸ್ತಿ ಆದರೆ ಆಮದು ಜಾಸ್ತಿ ಆಗುತ್ತದೆ. ಆಮದಿಗೆ ರೂಪಾಯಿ ನಡೆಯುವುದಿಲ್ಲ, ಡಾಲರೇ ಬೇಕು. ಡಾಲರ್ ಅಚ್ಚು ಹಾಕುವ ಯಂತ್ರ ನಮ್ಮಲ್ಲಿಲ್ಲ. ಹಾಗಾಗಿ ವಿದೇಶಿ ಬ್ಯಾಂಕುಗಳಿಂದ ಅಲ್ಪಾವಧಿ ಸಾಲ, ಅನಿವಾಸಿಗಳಿಂದ ಜಾಸ್ತಿ ಬಡ್ಡಿಯ ಡಾಲರ್ ಠೇವಣಿ. ಇಂಥ ದುಡ್ಡು ಬರುವಾಗ ನಗುತ್ತಾ ಬರುತ್ತದೆ, ಹೆದರಿದ ದಿನ ಒಟ್ಟಿಗೇ ಎದ್ದು ಹೊರಡುತ್ತದೆ.

ಹೆದರಿಕೆ ಹುಟ್ಟಿದ್ದು 1990ರ ಆಗಸ್ಟ್‌ನಲ್ಲಿ, ಇರಾಕ್ ಕುವೈತಿಗೆ ನುಗ್ಗಿದಾಗ. ಎಣ್ಣೆ ಬೆಲೆ ಏರಿತು. ಕುವೈತಿನಿಂದ 1,70,000ಕ್ಕೂ ಹೆಚ್ಚು ಭಾರತೀಯರು ವಿಮಾನದಲ್ಲಿ ವಾಪಸು ಬಂದರು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಬರುತ್ತಿದ್ದ ಡ್ರಾಫ್ಟ್ ನಿಂತುಹೋಯಿತು. ದೆಹಲಿಯಲ್ಲಿ ಸರ್ಕಾರ ಬಿದ್ದು ಚಂದ್ರಶೇಖರ್ ಪ್ರಧಾನಿಯಾದರು. ಫೆಬ್ರವರಿಯಲ್ಲಿ ಪೂರ್ಣ ಬಜೆಟ್ ಮಂಡಿಸಲೂ ಆಗಲಿಲ್ಲ. ವಿದೇಶಿ ಸಂಸ್ಥೆಗಳು ನಮ್ಮ ರೇಟಿಂಗ್ ಇಳಿಸಿದವು. ಗವರ್ನರ್ ಕುರ್ಚಿಗೆ ಆಗತಾನೆ ಬಂದಿದ್ದವರು ಎಸ್. ವೆಂಕಿಟರಮಣನ್. ಅದಕ್ಕೆ ಮೊದಲು ಅವರು ನಮ್ಮ ಕರ್ನಾಟಕ ಸರ್ಕಾರಕ್ಕೇ ಸಲಹೆಗಾರರಾಗಿದ್ದರು.

ನಾನು ಆಗ ಬೆಂಗಳೂರಿನ ಒಂದು ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ವಿಭಾಗದಲ್ಲಿದ್ದೆ. ದೇಶದ ಸ್ಥಿತಿ ನಮಗೆ ತಿಳಿಯುತ್ತಿದ್ದದ್ದು ಸುತ್ತೋಲೆಗಳಿಂದ. ಆಮದಿಗೆ ಎಲ್‌ಸಿ, ಅಂದರೆ ಮಾಲು ಕಳಿಸುವವರಿಗೆ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಖಾತರಿ ಪತ್ರ, ತೆರೆಯುವವರು ಎಷ್ಟು ನಗದು ಮಾರ್ಜಿನ್ ಇಡಬೇಕು ಅನ್ನುವ ಸುತ್ತೋಲೆ ಅದು. 1990ರ ಅಕ್ಟೋಬರಿನಲ್ಲಿ ಶೇಕಡ 50 ಅಂದರು. 1991ರ ಮಾರ್ಚಿನಲ್ಲಿ 133 ಆಯಿತು. ಏಪ್ರಿಲಿನಲ್ಲಿ 200. ಪೀಣ್ಯದ ಒಬ್ಬ ಸಣ್ಣ ಕಾರ್ಖಾನೆಯವರು ಹೊರಗಿನಿಂದ ಬೇರಿಂಗ್ ತರಿಸುತ್ತಿದ್ದರು. ಐದು ಲಕ್ಷದ ಮಾಲು. ಹತ್ತು ಲಕ್ಷ ನಗದು ಕಟ್ಟಿ ಅಂತ ನಾನು ಹೇಳಬೇಕಾಯಿತು. ಅವರು ಸುತ್ತೋಲೆಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. "ಹತ್ತು ಲಕ್ಷ ನನ್ನ ಹತ್ರ ಇದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಸಾರ್" ಅಂದರು. ಕೋಪ ಇರಲಿಲ್ಲ. ಫೈಲನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು. ಇನ್ನೂ ಕೆಲವು ಕಡೆ ಗಿರಾಕಿ ಮಾರ್ಜಿನ್ ಕಟ್ಟಿ ನಾವು ಎಲ್‌ಸಿ ಕಳಿಸಿದರೂ, ಆ ಕಡೆಯ ವಿದೇಶಿ ಬ್ಯಾಂಕು ಇದಕ್ಕೆ ನಾವು ಖಾತರಿ ಕೊಡುವುದಿಲ್ಲ ಅಂತ ಟೆಲೆಕ್ಸ್ ಕಳಿಸುತ್ತಿತ್ತು. ಭಾರತದ ಬ್ಯಾಂಕಿನ ಸಹಿಗೆ ಬೆಲೆ ಇಲ್ಲ ಅಂತ ಅದರ ಅರ್ಥ. ದೇಶದ ಮರ್ಯಾದೆ ಅನ್ನುವುದು ಆ ಟೆಲೆಕ್ಸ್ ಹಾಳೆಯಲ್ಲಿ ನನಗೆ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಆ ಏಪ್ರಿಲ್‌ನಿಂದ ಜೂನ್‌ವರೆಗೆ ಅನಿವಾಸಿ ಠೇವಣಿಯಿಂದ ಸುಮಾರು 95 ಕೋಟಿ ಡಾಲರ್ ಹೊರಗೆ ಹರಿಯಿತು. ಮೇ ತಿಂಗಳಲ್ಲಿ ಚುನಾವಣೆಯ ನಡುವೆ ರಾಜೀವ್ ಗಾಂಧಿ ಹತ್ಯೆ. ಅದೇ ತಿಂಗಳು, ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನವನ್ನು ಸರ್ಕಾರ ಸ್ಟೇಟ್ ಬ್ಯಾಂಕಿಗೆ ಕೊಟ್ಟು, ಅದರ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿತು. ವಾಪಸು ಕೊಳ್ಳುವ ಹಕ್ಕನ್ನು ಇಟ್ಟುಕೊಂಡೇ ಮಾರಿತು. ಜುಲೈನಲ್ಲಿ ಅದೂ ಸಾಲದೆ ರಿಸರ್ವ್ ಬ್ಯಾಂಕಿನದೇ ಚಿನ್ನ, 46.91 ಟನ್, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಸಾಲಕ್ಕೆ ಅಡವು. ಚಿನ್ನ ನಮ್ಮ ತಿಜೋರಿಯಲ್ಲೇ ಇರಲಿ, ಬರೆದುಕೊಡುತ್ತೇವೆ ಅಂದರೆ ಅವರು ಒಪ್ಪಲಿಲ್ಲ. ಕಳಿಸಿಯೇ ಕೊಡಬೇಕು ಅಂದರು. ಜುಲೈ 4ರಿಂದ 18ರೊಳಗೆ ನಾಲ್ಕು ಕಂತಿನಲ್ಲಿ ವಿಮಾನದಲ್ಲಿ ಹೋಯಿತು. ಸಿಕ್ಕ ಸಾಲ 40.5 ಕೋಟಿ ಡಾಲರ್. ಜುಲೈ 12ರಂದು ದೇಶದ ಕೈಯಲ್ಲಿದ್ದ ವಿದೇಶಿ ಕರೆನ್ಸಿ 97.5 ಕೋಟಿ ಡಾಲರ್, ಎರಡು ವಾರದ ಆಮದಿಗೂ ಕಷ್ಟ. ಮನೆಯ ಹೆಂಗಸರ ಬಳೆ ಗಿರವಿ ಅಂಗಡಿಗೆ ಹೋದ ದಿನ ಮನೆಯಲ್ಲಿ ಹೇಗಿರುತ್ತದೋ, ದೇಶ ಹಾಗಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಚಿನ್ನ ಕಳಿಸಿದ್ದು ಅವಮಾನ ಅಂತ ಬೈಯುವವರು ಇವತ್ತಿಗೂ ಇದ್ದಾರೆ. ನಾನು ಒಪ್ಪುವುದಿಲ್ಲ. ಭಾರತ ಸ್ವಾತಂತ್ರ್ಯ ಬಂದಾಗಿನಿಂದ ಒಂದೇ ಒಂದು ವಿದೇಶಿ ಸಾಲದ ಕಂತನ್ನೂ ತಪ್ಪಿಸಿರಲಿಲ್ಲ. ಆ ಹೆಸರು ಹೋಗಬಾರದು ಅಂತ ವೆಂಕಿಟರಮಣನ್ ಆ ಬೈಗುಳವನ್ನು ಹೊತ್ತರು. ವರ್ಷ ಮುಗಿಯುವ ಮೊದಲೇ ಆ ಸಾಲ ತೀರಿತು.

ಇದೇ ಹೊತ್ತಿಗೆ ಜೂನ್ 21ಕ್ಕೆ ನರಸಿಂಹರಾವ್ ಪ್ರಧಾನಿಯಾದರು. ಹಣಕಾಸು ಖಾತೆಗೆ ಅವರು ಮೊದಲು ಕೇಳಿದ್ದು ನಮ್ಮ ಐ.ಜಿ. ಪಟೇಲರನ್ನೇ. ಅವರು ಒಪ್ಪಲಿಲ್ಲ. ಆಮೇಲೆ ಮನಮೋಹನ್ ಸಿಂಗ್. ಜುಲೈ 1ರಂದು ರೂಪಾಯಿ ಸ್ವಲ್ಪ ಇಳಿಸಿದರು, ಜುಲೈ 3ರಂದು ಇನ್ನಷ್ಟು. ಡಾಲರಿಗೆ 21 ರೂಪಾಯಿ ಇದ್ದದ್ದು 26ರ ಹತ್ತಿರ ಬಂದಿತು. 1966ರ ನೆನಪು ಇತ್ತಲ್ಲ, ಮೊದಲ ಕಂತಿಗೇ ಗಲಾಟೆ ಶುರುವಾಗಿ ಪ್ರಧಾನಿಗೆ ಅಳುಕು ಬಂದಿತು. ಎರಡನೆಯದನ್ನು ನಿಲ್ಲಿಸಿ ಅಂದರು. 3ನೇ ತಾರೀಖು ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ಮನಮೋಹನ್ ಸಿಂಗ್ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರಿಗೆ ಫೋನ್ ಮಾಡಿದರು. ಒಂಬತ್ತಕ್ಕೇ ಹೊಸ ದರ ಪ್ರಕಟವಾಗಿತ್ತು. ಆಗಿಹೋಯಿತು ಅಂತ ಉತ್ತರ ಬಂದಿತು. ಮನಮೋಹನ್ ಸಿಂಗ್ ಅವರಿಗೆ ಒಳಗೊಳಗೆ ಸಮಾಧಾನವೇ ಆಗಿರಬೇಕು ಅಂತ ನನಗೆ ಅನ್ನಿಸುತ್ತದೆ.

ಜುಲೈ 24ರ ಬಜೆಟ್, ಲೈಸೆನ್ಸ್ ರಾಜ್ ಹೋದದ್ದು, ಎಲ್ಲ ನಿಮಗೆ ಗೊತ್ತಿರುವ ವಿಷಯ. ನಾನು ಹೇಳಬೇಕು ಅಂತಿರುವುದು ಅದಾದ ಮೂರು ವರ್ಷದ ಮೇಲೆ ನಡೆದದ್ದು. ಸ್ವಲ್ಪ ಹಿಂದೆ ಹೋಗಿ ನೋಡಿ. 1982ರಲ್ಲಿ ಮನಮೋಹನ್ ಸಿಂಗ್ ರಿಸರ್ವ್ ಬ್ಯಾಂಕ್ ಗವರ್ನರ್. ಅದೇ ವರ್ಷ ಸುಖಮಯ್ ಚಕ್ರವರ್ತಿ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸರ್ಕಾರಕ್ಕೆ ಬ್ಯಾಂಕು ಕೊಡುವ ಸಾಲಕ್ಕೆ ಒಂದು ಮಿತಿ ಬೇಕು ಅನ್ನುವ ದಿಕ್ಕಿನಲ್ಲಿ ಆ ಸಮಿತಿ 1985ರಲ್ಲಿ ವರದಿ ಕೊಟ್ಟಿತು. ಸಮಿತಿಯ ಸದಸ್ಯರಲ್ಲಿ ರಂಗರಾಜನ್ ಇದ್ದರು. ವರದಿ ಹಾಗೇ ಉಳಿಯಿತು. 1992ರ ಕೊನೆಗೆ ರಂಗರಾಜನ್ ಗವರ್ನರ್ ಆದರು. 1993ರಲ್ಲಿ ಕಲ್ಕತ್ತದ ಒಂದು ಉಪನ್ಯಾಸದಲ್ಲಿ ಅಡ್‌ಹಾಕ್ ಬಿಲ್ಲಿನ ಪೂರ್ತಿ ಚರಿತ್ರೆ ಬಿಡಿಸಿಟ್ಟರು. ಹಾಲಿ ಗವರ್ನರ್ ಒಬ್ಬರು ಸಾರ್ವಜನಿಕರ ಎದುರು ನಿಂತು, ಈ ಏರ್ಪಾಡಿನಿಂದ ಬ್ಯಾಂಕಿನ ಕೈ ಕಟ್ಟಿದೆ ಅಂತ ಹೇಳುವುದು ಸಣ್ಣ ಮಾತಲ್ಲ.

ಒಪ್ಪಂದ ಆಗಿದ್ದು 1994ರ ಸೆಪ್ಟೆಂಬರ್ 9ರಂದು. ಮೊದಲ ವರ್ಷ, ವರ್ಷದ ಕೊನೆಗೆ ನಿವ್ವಳ ಅಡ್‌ಹಾಕ್ ಬಿಲ್ 6,000 ಕೋಟಿ ದಾಟಬಾರದು. ನಡುವೆ 9,000 ಕೋಟಿ ದಾಟಿ ಸತತ ಹತ್ತು ಕೆಲಸದ ದಿನಕ್ಕಿಂತ ಹೆಚ್ಚು ನಿಂತರೆ, ಬ್ಯಾಂಕು ಸರ್ಕಾರದ ಬಿಲ್ಲನ್ನು ಮಾರುಕಟ್ಟೆಯಲ್ಲಿ ಮಾರಿ ಹಣ ಎತ್ತುತ್ತದೆ. ಅಂದರೆ ಮಾರುಕಟ್ಟೆ ಬಡ್ಡಿ ಕೊಡಬೇಕು, 4.6 ಅಲ್ಲ. ಮೂರು ವರ್ಷಕ್ಕೆ ಪದ್ಧತಿಯೇ ನಿಲ್ಲಬೇಕು. ನಿಂತಿತು. 1997ರ ಏಪ್ರಿಲ್ 1ರಿಂದ ಅಡ್‌ಹಾಕ್ ಬಿಲ್ ಇಲ್ಲ. ಆ ಜಾಗಕ್ಕೆ ಮಿತಿ ಇರುವ ಮುಂಗಡ ಬಂದಿತು. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಂತೆ, 2006ರ ಏಪ್ರಿಲ್‌ನಿಂದ ಸರ್ಕಾರದ ಸಾಲಪತ್ರವನ್ನು ಬ್ಯಾಂಕು ನೇರವಾಗಿ ಕೊಳ್ಳುವುದೂ ನಿಂತಿತು, ತೀರಾ ವಿಶೇಷ ಸಂದರ್ಭ ಬಿಟ್ಟು. ಗವರ್ನರ್ ಆಗಿ ಸಮಿತಿ ನೇಮಿಸಿದವರು, ಹಣಕಾಸು ಸಚಿವರಾದಾಗ ತಮ್ಮದೇ ಖಜಾನೆಗೆ ಬೇಲಿ ಹಾಕಿಸಿಕೊಂಡರು. ಮನಮೋಹನ್ ಸಿಂಗ್ ಅವರ ಬಗ್ಗೆ ಯಾರು ಏನೇ ಹೇಳಲಿ, ಇದೊಂದಕ್ಕೆ ನಾನು ಅವರಿಗೆ ಕೈ ಮುಗಿಯುತ್ತೇನೆ. ಅಧಿಕಾರದಲ್ಲಿ ಕೂತು ಅಧಿಕಾರ ಕಡಿಮೆ ಮಾಡಿಕೊಳ್ಳುವುದು ಎಷ್ಟು ಜನಕ್ಕೆ ಸಾಧ್ಯ?

2009ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡಿತು, 670 ಕೋಟಿ ಡಾಲರ್ ಕೊಟ್ಟು. ಪೇಪರಿನವರು 1991ಕ್ಕೆ ಸೇಡು ತೀರಿತು ಅನ್ನುವ ಹಾಗೆ ಬರೆದರು. ಓದಿ ನನಗೂ ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಚಿನ್ನ ಬಂದದ್ದು ಡಾಲರ್ ಇದ್ದುದರಿಂದ. ಡಾಲರ್ ಬರಲು ಸಾಫ್ಟ್‌ವೇರ್ ಬೇಕಾಯಿತು, ರಫ್ತು ಬೇಕಾಯಿತು, ಅನಿವಾಸಿಗಳ ನಂಬಿಕೆ ಬೇಕಾಯಿತು. ರೂಪಾಯಿ ಮೇಲೆ ಆ ನಂಬಿಕೆ ಹುಟ್ಟಲು 1994ರ ಕಾಗದವೂ ಬೇಕಾಯಿತು.

ಈಗಿನ ಕಾಲದ ಒಂದು ವಿಷಯ ಹೇಳಿ ಮುಗಿಸುತ್ತೇನೆ. 2016ರಲ್ಲಿ ಕಾಯ್ದೆ ತಿದ್ದಿ, ಹಣದುಬ್ಬರ ಶೇಕಡ 4ರ ಹತ್ತಿರ ಇರಬೇಕು, ಎರಡು ಮೇಲೆ ಕೆಳಗೆ ಆಗಬಹುದು ಅಂತ ಗುರಿ ಇಟ್ಟರು. ಬಡ್ಡಿ ದರ ತೀರ್ಮಾನಿಸಲು ಆರು ಜನರ ಸಮಿತಿ. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಯಾಕೆ ತಪ್ಪಿತು, ಏನು ಮಾಡುತ್ತೀರಿ, ಯಾವಾಗ ಸರಿಹೋಗುತ್ತದೆ ಅಂತ ಬ್ಯಾಂಕು ಸರ್ಕಾರಕ್ಕೆ ಪತ್ರ ಬರೆಯಬೇಕು. 2022ರಲ್ಲಿ ಹಾಗೇ ಆಯಿತು. ನವೆಂಬರಿನಲ್ಲಿ ಸಮಿತಿ ಅದಕ್ಕೆಂದೇ ಸಭೆ ಸೇರಿತು, ಪತ್ರ ದೆಹಲಿಗೆ ಹೋಯಿತು. ಅದರಲ್ಲಿ ಏನಿದೆ ಅಂತ ಜನರಿಗೆ ತಿಳಿಸಲಿಲ್ಲ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಇಂಥ ಪತ್ರ ಎಲ್ಲರ ಎದುರೇ ಪ್ರಕಟವಾಗುತ್ತದೆ. ರಾಮರಾವ್ ಮತ್ತು ನೆಹರೂ ಬರೆದುಕೊಂಡ ಪತ್ರಗಳನ್ನು ರಿಸರ್ವ್ ಬ್ಯಾಂಕೇ ಮುಂದೆ ತನ್ನ ಅಧಿಕೃತ ಚರಿತ್ರೆಯಲ್ಲಿ ಅಚ್ಚು ಹಾಕಿತು. ಅದರಿಂದ ಬ್ಯಾಂಕಿನ ಗೌರವ ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ. ಬೇಳೆ, ಎಣ್ಣೆ ಬೆಲೆ ಏರಿದಾಗ ಅದನ್ನು ಕೊಡುವವರು ನಾವು. ಯಾಕೆ ಏರಿತು ಅಂತ ಬರೆದ ಪತ್ರ ಓದುವ ಹಕ್ಕೂ ನಮಗಿದೆ. ಇಲ್ಲಿರುವ ಅರ್ಥಶಾಸ್ತ್ರದ ಮೇಷ್ಟ್ರುಗಳು, ವಿದ್ಯಾರ್ಥಿಗಳು ಅದನ್ನು ಕೇಳಿ. ಕಾಯ್ದೆಯಲ್ಲೇ ಒಂದು ಸಾಲು ಸೇರಿಸಿ, ಪತ್ರ ಪ್ರಕಟಿಸಬೇಕು ಅಂತ ಬರೆದರೆ ಸಾಕು.